ಸುದರ್ಶನ ಸರ್ ಬರೆದ ನಾಲ್ಕು ಪತ್ರಗಳು

ಮೇಲ್ ಬಂದದ್ದು ಸುದರ್ಶನ ಸರ್ ಹೆಸರಿಗೆ. ಓದಿದವಳು ಮಧುಶ್ರೀ.

ಅದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇರಲಿಲ್ಲ. ಸರ್ ಹೆಸರಿಗೆ ಬರುವ ಮೇಲ್‌ಗಳನ್ನೆಲ್ಲ ಎರಡು ವರ್ಷದಿಂದ ಓದುತ್ತಿದ್ದವಳು ಅವಳೇ. ಶಿವಮೊಗ್ಗದ ಆ ಎಂಜಿನಿಯರಿಂಗ್ ಕಾಲೇಜು ತನ್ನ ಪ್ರೊಫೆಸರ್‌ಗಳಿಗೆಲ್ಲ ಕಾಲೇಜಿನ ಹೆಸರಿರುವ ಇಮೇಲ್ ವಿಳಾಸ ಮಾಡಿಕೊಟ್ಟಾಗ ಮಧುಶ್ರೀ ಕೊನೆಯ ವರ್ಷದಲ್ಲಿದ್ದಳು. ಸರ್ ತಮ್ಮ ಪಾಲಿನ ಪಾಸ್‌ವರ್ಡ್ ಚೀಟಿಯನ್ನು ಅವಳ ಕೈಗಿಟ್ಟು, “ಇದೇನೋ ನೋಡಮ್ಮ, ನನಗೆ ಈ ರಗಳೆ ಎಲ್ಲ ಆಗಲ್ಲ” ಎಂದಿದ್ದರು. ಅಂದಿನಿಂದ ವಿಳಾಸ ಸರ್‌ದು, ಪಾಸ್‌ವರ್ಡ್ ಅವಳದು. ಓದು ಮುಗಿದು ಅವಳು ಅದೇ ಕಾಲೇಜಿನ ಲ್ಯಾಬಿನಲ್ಲಿ ಹಂಗಾಮಿ ಇನ್‌ಸ್ಟ್ರಕ್ಟರ್ ಆದಮೇಲೂ ಈ ಏರ್ಪಾಡು ಹಾಗೇ ಮುಂದುವರಿದಿತ್ತು.

ಈ ಸಲದ ಮೇಲ್ ಮಾತ್ರ ಅವಳ ಬಗ್ಗೆಯೇ ಇತ್ತು. ಬರೆದವರು ಅಮೆರಿಕದ ಯೂನಿವರ್ಸಿಟಿಯೊಂದರ ಪ್ರವೇಶ ಸಮಿತಿಯ ಅಧ್ಯಕ್ಷೆ. ಮಧುಶ್ರೀ ಎಂಬ ವಿದ್ಯಾರ್ಥಿನಿಯ ಪರವಾಗಿ ತಾವು ಕಳಿಸಿದ ಶಿಫಾರಸು ಪತ್ರದ ಬಗ್ಗೆ ನಮಗೆ ಕೆಲವು ಸಂದೇಹಗಳಿವೆ. ಗುರುವಾರ, ತಮ್ಮಲ್ಲಿ ಸಂಜೆ ಆರಾಗಿರುವಾಗ, ವಿಡಿಯೊ ಕಾಲ್‌ಗೆ ಸ್ವಲ್ಪ ಹೊತ್ತು ಸಿಗಬಹುದೇ? ಅಲ್ಲಿಯವರೆಗೆ ಅವರ ಅರ್ಜಿಯನ್ನು ತಡೆಹಿಡಿದಿದ್ದೇವೆ. ಇಸ್ತ್ರಿ ಮಾಡಿ ಮಡಚಿಟ್ಟಂಥ ವಾಕ್ಯಗಳು.

ಅವಳು ಅದನ್ನು ಓದಿದ್ದು ಭದ್ರಾವತಿಯ ಬಸ್ಸಿನಲ್ಲಿ, ನಿದಿಗೆ ಊರು ದಾಟುವಾಗ, ಒಂದು ಕೈಯಲ್ಲಿ ಮೇಲಿನ ಕಂಬಿ ಹಿಡಿದು ನಿಂತುಕೊಂಡು. ತನ್ನ ಮೇಲೆ ಬಂದ ಅನುಮಾನವನ್ನು ಇನ್ನೊಬ್ಬರ ಕಣ್ಣಿನಿಂದ ಮೊದಲು ತಾನೇ ಓದುವುದು ವಿಚಿತ್ರವಾಗಿತ್ತು. ಒಂದು ಕ್ಷಣ ಅವಳಿಗೂ ಆ ಹುಡುಗಿಯ ಮೇಲೆ ಅನುಮಾನ ಬಂತು.

ಅವಳು ಅರ್ಜಿ ಹಾಕಿದ್ದ ಬೇರೆ ಎರಡು ಯೂನಿವರ್ಸಿಟಿಗಳಿಂದ ಇಲ್ಲ ಎಂದು ಬಂದಾಗಿತ್ತು. ಉಳಿದದ್ದು ಇದೊಂದು. ಅಲ್ಲಿಯ ಪ್ರೊಫೆಸರ್ ಒಬ್ಬರು ಕಳೆದ ತಿಂಗಳು ಅವಳಿಗೆ ನೇರವಾಗಿ ಬರೆದಿದ್ದರು: ನಿನ್ನ ಪ್ರಾಜೆಕ್ಟ್ ನಮಗೆ ಹಿಡಿಸಿದೆ, ಫೀಸು ಇರುವುದಿಲ್ಲ, ನನ್ನ ಲ್ಯಾಬಿನಲ್ಲಿ ಸಂಬಳದ ಕೆಲಸವೂ ಇರುತ್ತದೆ, ಸಮಿತಿಯ ಒಪ್ಪಿಗೆಯೊಂದು ಬರಲಿ. ಮಳೆಗಾಲ ಬಂತೆಂದರೆ ಫೌಂಡ್ರಿಯ ಎರಕದಲ್ಲಿ ಯಾಕೆ ಅಷ್ಟೊಂದು ಗಾಳಿಗುಳ್ಳೆ ಏಳುತ್ತವೆ ಎಂಬುದು ಅವಳ ಪ್ರಾಜೆಕ್ಟ್. ಅಚ್ಚು ಕಟ್ಟುವ ಮರಳಿನ ತೇವ, ಅದರ ಲೆಕ್ಕ. ಅವಳ ಅಪ್ಪ ಶಿವಕುಮಾರ್ ಮಾಚೇನಹಳ್ಳಿಯ ಫೌಂಡ್ರಿಯಲ್ಲಿ ಅಚ್ಚು ಕಟ್ಟುವವನು. ಗುಳ್ಳೆ ಬಿದ್ದ ಮಾಲು ವಾಪಸು ಬಂದ ದಿನ ಅಪ್ಪನ ಮುಖ ಹೇಗಿರುತ್ತದೆ ಎಂದು ನೋಡಿಕೊಂಡೇ ಅವಳು ದೊಡ್ಡವಳಾಗಿದ್ದಳು.

ಭದ್ರಾವತಿಯ ಜನ್ನಾಪುರದ ಅವರ ಓಣಿಗೆಲ್ಲ ಸುದ್ದಿ ಹಬ್ಬಿಯಾಗಿತ್ತು. ಪಕ್ಕದ ಮನೆಯ ತಮಿಳು ಅಜ್ಜಿ ಅವಳನ್ನು ಕಂಡಾಗಲೆಲ್ಲ “ಅಮೆರಿಕಾ ಪೊಣ್ಣು ವಂದಾಚ್ಚು”, ಅಮೆರಿಕದ ಹುಡುಗಿ ಬಂದಳು, ಎಂದು ಇಡೀ ಬೀದಿಗೆ ಕೇಳುವ ಹಾಗೆ ಸಾರುತ್ತಿದ್ದಳು. ಆ ಸಂಜೆಯೂ ಸಾರಿದಳು. ಒಳಗೆ ಅಮ್ಮ ಶೀಲಾ ತಟ್ಟೆ ಹಾಕಿದಳು.

“ಏನೇ ಇವತ್ತು ಮೌನವ್ರತ?”

“ತಲೆನೋವು.”

“ಬಸ್ಸಲ್ಲಿ ಫೋನ್ ನೋಡ್ಬೇಡ ಅಂದ್ರೆ ಕೇಳಲ್ಲ.” ಅಮ್ಮ ಸಾರು ಬಡಿಸಿದಳು. “ನಿಮ್ಮ ಸುದರ್ಶನ ಸರ್‌ನ ಒಂದಿನ ಮನೆಗೆ ಕರೀಬೇಕು ಕಣೇ. ಅವರು ಊಟ ಗೀಟ ಮಾಡಲ್ವೇನೋ, ಹಣ್ಣಾದ್ರೂ ಕೊಡೋಣ.”

“ಯಾಕೆ?”

“ಯಾಕೆ ಅಂತೆ! ಅಷ್ಟು ದೊಡ್ಡೋರು ಕೂತು ನಿನ್ನ ಬಗ್ಗೆ ನಾಲ್ಕಕ್ಷರ ಒಳ್ಳೇದು ಬರ್ದು ಕಳಿಸಿದ್ದಕ್ಕೆ ತಾನೆ ಇಷ್ಟೆಲ್ಲ?”

ಅಪ್ಪ ಮೂಲೆಯಲ್ಲಿ ಟಿವಿ ಸಣ್ಣಗೆ ಮಾಡಿದ. “ಏನ್ ಬರ್ದಿದ್ರು ಮಗಾ, ಓದಿ ಹೇಳು ಒಂದ್ಸಲ.”

“ಅದೆಲ್ಲ ನಮಗೆ ತೋರಿಸಲ್ಲ ಅಪ್ಪ. ಗುಟ್ಟಾಗಿ ಕಳಿಸ್ತಾರೆ.”

“ಅದೂ ಸರಿ ಅನ್ನು,” ಎಂದ ಅಪ್ಪ. ಗುಟ್ಟಾಗಿ ಹೊಗಳುವ ಜನರೂ ಇದ್ದಾರೆಂಬುದು ಅವನಿಗೆ ಖುಷಿ ಕೊಟ್ಟ ಹಾಗಿತ್ತು.

ಅವಳು ಅನ್ನ ಕಲಸಿದಳು.

*

ಇಲ್ಲಿ ಪ್ರೊಫೆಸರ್‌ಗಳು ಶಿಫಾರಸು ಪತ್ರ ಬರೆಯುವುದಿಲ್ಲ. ವಿದ್ಯಾರ್ಥಿ ಬರೆದುಕೊಂಡು ಹೋಗುತ್ತಾನೆ, ಪ್ರೊಫೆಸರ್ ಸಹಿ ಹಾಕುತ್ತಾರೆ. ಇದರಲ್ಲಿ ಮೋಸವಿದೆ ಎಂದು ಯಾರಿಗೂ ಅನ್ನಿಸಿದ್ದಿಲ್ಲ. ಮದುವೆಯ ಕರೆಯೋಲೆಯಲ್ಲಿ ಮನೆಯ ಹಿರಿಯರ ಹೆಸರು ಹಾಕುತ್ತಾರೆ. ಹಿರಿಯರೇ ಕೂತು ಬರೆದರೋ ಎಂದು ಯಾರು ಕೇಳುತ್ತಾರೆ? ಸಹಿ ಹೋಗಿ, ಪತ್ರವನ್ನು ಆನ್‌ಲೈನಿನಲ್ಲೇ ಹಾಕುವ ಪೋರ್ಟಲ್ ಬಂದಮೇಲೆ ಪೋರ್ಟಲ್ಲಿಗೂ ಅದೇ ಪದ್ಧತಿ ದಾಟಿಕೊಂಡಿತು.

ಮೊದಲನೆಯದು ಹರಿಪ್ರಸಾದ್ ಎಂಬ ಸೀನಿಯರ್‌ದು. “ಮಧುಶ್ರೀ ಇಂಗ್ಲಿಷ್ ಚೆನ್ನಾಗಿ ಬರೀತಾಳೆ, ಅವಳ ಹತ್ರ ಬರೆಸ್ಕೋ,” ಎಂದು ಸರ್ ಅವನನ್ನು ಅವಳ ಬಳಿ ಅಟ್ಟಿದ್ದರು. ಏನು ಬರೆಯಲಿ ಎಂದು ಅವಳು ಕೇಳಿದಾಗ, “ಅದೇ, ಒಳ್ಳೆ ಹುಡುಗ ಅಂತ” ಎಂದರು. ಒಳ್ಳೆ ಹುಡುಗ ಎಂದು ಬರೆದರೆ ಸಾಲದೆಂದು ಅವಳಿಗೂ ಗೊತ್ತಿತ್ತು. ಕೆಟ್ಟು ಕೂತಿದ್ದ ಲ್ಯಾಬಿನ ಕುಲುಮೆಯ ಮುಂದೆ ಹರಿಪ್ರಸಾದ್ ಒಂದು ಸಂಜೆ ನೆಲದ ಮೇಲೆ ಕುಳಿತು, ಅದನ್ನು ಬಯ್ಯುತ್ತ, ಮುದ್ದು ಮಾಡುತ್ತ ಸರಿಪಡಿಸಿದ್ದನ್ನು ಅವಳು ನೋಡಿದ್ದಳು. ಅದನ್ನೇ ಬರೆದಳು. ನೋಡಿದವರು ಸರ್ ಎಂದು ಬರೆದಳು, ಅಷ್ಟೇ ವ್ಯತ್ಯಾಸ. ಸರ್ ಆ ಹೊತ್ತಿಗೆ ಮನೆಯಲ್ಲಿ ಇರುತ್ತಿದ್ದರು.

ಹಾಗೆ ಪತ್ರದಿಂದ ಪತ್ರಕ್ಕೆ ಸರ್ ಬೆಳೆದರು. ಪತ್ರದೊಳಗಿನ ಸುದರ್ಶನ ಸರ್ ಲ್ಯಾಬಿನ ಬಾಗಿಲಲ್ಲಿ ಸದ್ದಿಲ್ಲದೆ ನಿಂತು ನೋಡುತ್ತಿದ್ದರು. ಯಾರು ಹಿಂದಿನ ಬೆಂಚಿನಲ್ಲಿ ಕೂತು ಕಿಟಕಿಯ ಆಚೆ ನೋಡುತ್ತಾರೆ, ಯಾಕೆ ನೋಡುತ್ತಾರೆ ಎಂಬುದು ಅವರಿಗೆ ತಿಳಿದಿತ್ತು. ಅವರಿಗೆ ಒಂದು ಬಗೆಯ ತಮಾಷೆ ಗೊತ್ತಿತ್ತು; ತಮ್ಮನ್ನೇ ಗೇಲಿ ಮಾಡಿಕೊಳ್ಳಬಲ್ಲವರಾಗಿದ್ದರು. ಸಿದ್ದುವಿನ ಪತ್ರ ಬರೆಯುವ ಹೊತ್ತಿಗೆ ಅವರು ಎಂಥವರಾಗಿದ್ದರೆಂದರೆ, ಬಸ್ಸಿನಲ್ಲಿ ಬರುವಾಗ ಅವಳು ಮನಸ್ಸಿನಲ್ಲೇ ಅವರ ಜೊತೆ ಮಾತಾಡುತ್ತಿದ್ದಳು. ಮಲವಗೊಪ್ಪದ ಸಿದ್ದು ಅವಳ ಕ್ಲಾಸಿನವನು, ಗೆಳೆಯ. ಮೂರನೆಯ ವರ್ಷ ಒಂದು ಪೇಪರ್‌ನಲ್ಲಿ ಫೇಲಾದಾಗ ಅವನು ಮಾರ್ಕ್ಸಿಗಾಗಿ ಬೇಡಲಿಲ್ಲ, ಅಳಲಿಲ್ಲ. ಉತ್ತರ ಪತ್ರಿಕೆ ತರಿಸಿಕೊಂಡು, “ನಾನು ತಪ್ಪೋಕೆ ಶುರು ಮಾಡಿದ್ದು ಎಲ್ಲಿಂದ ನೋಡು” ಎಂದು ಕೇಳಿದ. ಕೇಳಿದ್ದು ಮಧುಶ್ರೀಯನ್ನು, ಕ್ಯಾಂಟೀನಿನಲ್ಲಿ, ಮಂಡಕ್ಕಿ ತಿನ್ನುತ್ತ. ಪತ್ರದಲ್ಲಿ ಅವನು ಸರ್‌ನ ಕೇಳಿದ. ಇಂಥ ಪ್ರಶ್ನೆಯನ್ನು ನಾನು ಅದುವರೆಗೆ ಯಾವ ವಿದ್ಯಾರ್ಥಿಯಿಂದಲೂ ಕೇಳಿರಲಿಲ್ಲ, ಎಂದು ಸರ್ ಬರೆದರು. ಅವನ ವಯಸ್ಸಿನಲ್ಲಿ ಅದನ್ನು ನಾನು ನನ್ನನ್ನೇ ಕೇಳಿಕೊಳ್ಳಬೇಕಿತ್ತು ಎಂದೂ ಬರೆದರು.

ಹೀಗೆ ಅವಳು ಬರೆದದ್ದು ನಾಲ್ವರಿಗೆ. ನಾಲ್ವರಿಗೂ ಈಗ ಮೇಲ್ ಕಳಿಸಿದ ಅದೇ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತು; ಸಿದ್ದು ಇನ್ನು ಹೊರಡುವವನಿದ್ದ.

ಅವಳ ಸರದಿ ಬಂದಾಗ ಪತ್ರದೊಳಗಿನ ಸರ್ ಬಾಯಿ ಬಿಡಲಿಲ್ಲ.

ಅವಳು ಪ್ರಯತ್ನಿಸಲಿಲ್ಲವೆಂದಲ್ಲ. ಮಾಚೇನಹಳ್ಳಿಯ ಮರಳನ್ನು ಬಕೆಟ್ಟಿನಲ್ಲಿ ತುಂಬಿಕೊಂಡು ಬಸ್ ಹತ್ತಿದ್ದು, “ಇದೇನ್ ಮನೆ ಕಟ್ತಿದೀಯೇನಮ್ಮ?” ಎಂದು ಕಂಡಕ್ಟರ್ ಕಿಚಾಯಿಸಿದ್ದು, ಮಳೆಯಲ್ಲಿ ಬಕೆಟ್ಟಿಗೆ ತನ್ನ ಕೊಡೆ ಹಿಡಿದು ತಾನು ನೆನೆದದ್ದು, ಎಲ್ಲ ಇತ್ತು. ಆದರೆ ಅದನ್ನು ನೋಡಿದವರು ಯಾರು? ಉಳಿದವರನ್ನು ನೋಡಲು ಸರ್‌ಗೆ ಅವಳು ತನ್ನ ಕಣ್ಣು ಕೊಟ್ಟಿದ್ದಳು. ತನ್ನನ್ನು ನೋಡಲು ಕೊಡುವುದಕ್ಕೆ ಅವಳ ಬಳಿ ಬೇರೆ ಕಣ್ಣಿರಲಿಲ್ಲ. ‘ಮಧುಶ್ರೀ’ ಎಂದು ಟೈಪ್ ಮಾಡಿ ಮುಂದೆ ಒಂದು ಒಳ್ಳೆಯ ಮಾತು ಹಾಕಿದ ಕೂಡಲೇ ಕಿವಿ ಬಿಸಿಯಾಗುತ್ತಿತ್ತು. ಹಿರಿಯರ ಬಾಯಿಂದ ತನ್ನನ್ನು ತಾನೇ ಹೊಗಳಿಸಿಕೊಳ್ಳುವುದು ಅವಳಿಗೆ ಎಲ್ಲರೆದುರು ನಿಂತು ಸ್ನಾನ ಮಾಡಿದಂತೆ ಅನ್ನಿಸಿತು. ಕೊನೆಯ ದಿನ ಬಂತು. ಸಮಯಕ್ಕೆ ಸರಿಯಾಗಿ ಬರುತ್ತಾಳೆ, ವಿಧೇಯಳು, ವಿಷಯದಲ್ಲಿ ಹಿಡಿತವಿದೆ, ನಡತೆ ತೃಪ್ತಿಕರ, ಎಂದು ಬರೆದು ಕಳಿಸಿಬಿಟ್ಟಳು.

*

ಮೇಲ್ ವಿಷಯ ಕೇಳಿ ಸಿದ್ದು ಫೋನಿನಲ್ಲೇ ನಕ್ಕ. “ನೀನೇ ರಿಪ್ಲೈ ಹಾಕು ಮಾರಾಯ್ತಿ. ಸರ್‌ಗೆ ಹುಷಾರಿಲ್ಲ, ವಿಡಿಯೊ ಆಗಲ್ಲ, ಏನಿದ್ರೂ ಬರ್ದು ಕೇಳಿ ಅನ್ನು. ಬರವಣಿಗೇಲಿ ನಿನ್ನನ್ನ ಮೀರಿಸೋ ಸುದರ್ಶನ ಸರ್ ಯಾರಿದಾರೆ?”

“ಇಲ್ಲ ಕಣೋ. ಇದೊಂದು ಅವರೇ ಮಾಡ್ಲಿ.”

“ಮಾಡ್ತಾರಾ?”

“ಒಂದು ಹೌದು ಅನ್ನೋಕೆ ಏನು ಕಷ್ಟ?”

ಮರುದಿನ ಸ್ಟಾಫ್ ರೂಮಿನಲ್ಲಿ ಸರ್ ಕೂಡ ಅದನ್ನೇ ಅಂದರು.

“ಅಷ್ಟೇ ತಾನೆ? ನಾನೇ ಬರ್ದಿದ್ದು ಅಂತ ಹೇಳ್ಬೇಕು. ಹೇಳಿದ್ರಾಯ್ತು. ಅದಕ್ಯಾಕೆ ಮುಖ ಹಿಂಗೆ ಮಾಡ್ಕೊಂಡಿದೀಯ?”

“ಏನಾದ್ರೂ ವಿವರ ಕೇಳಿದ್ರೆ ಸರ್...”

“ಏನ್ ಕೇಳ್ತಾರೆ? ಜೀವಮಾನ ಎಲ್ಲ ವೈವಾ ತಗೊಂಡೋನು ನಾನು. ನನಗೇ ವೈವಾನಾ?” ತಮ್ಮ ಮಾತಿಗೆ ತಾವೇ ನಕ್ಕರು. “ಒಂದು ಪ್ರಿಂಟ್ ಕೊಟ್ಟಿರು, ಕಣ್ಣಾಡಿಸ್ಕೋತೀನಿ. ಗುರುವಾರ ಮನೆಗೇ ಬಂದ್ಬಿಡಮ್ಮ. ಆ ವಿಡಿಯೊ ಗಿಡಿಯೊ ಎಲ್ಲ ನೀನೇ ಹಚ್ಚಿಕೊಡ್ಬೇಕು.”

ಅವಳು ಪ್ರಿಂಟ್ ಕೊಟ್ಟಳು. ಸರ್ ಹೆಸರಿನಲ್ಲಿ ಅಮೆರಿಕಕ್ಕೆ ಉತ್ತರ ಬರೆದಳು: ಖಂಡಿತ ಸಿಗುತ್ತೇನೆ, ಸಂತೋಷ.

*

ಗುರುವಾರ ಸಿದ್ದು ತನ್ನ ಬೈಕಿನಲ್ಲಿ ಅವಳನ್ನು ರವೀಂದ್ರನಗರಕ್ಕೆ ಕರೆತಂದ. ಸರ್ ಮನೆಯ ರಸ್ತೆಯ ತಿರುವಿನಲ್ಲೇ ನಿಲ್ಲಿಸಿದ.

“ನೀನೂ ಬಾರೋ.”

“ನಾನ್ಯಾಕೆ? ನನ್ನ ನೋಡಿದ್ರೆ ಸರ್‌ಗೆ ಇನ್ನೊಂದೇನಾದ್ರೂ ನೆನಪಾಗುತ್ತೆ. ಇಲ್ಲೇ ಇರ್ತೀನಿ, ಹೋಗಿ ಬಾ.”

ಬಾಗಿಲು ತೆಗೆದವರು ಸರ್ ಹೆಂಡತಿ ಸೀತಾ. “ಬಾಮ್ಮ, ಬಾ. ಇವತ್ತು ನಿನಗೋಸ್ಕರ ಇವರು ಸಂಧ್ಯಾವಂದನೇನೂ ಬೇಗ ಮುಗಿಸಿ ಕೂತಿದಾರೆ.” ಕಾಫಿ ಬಂತು. ಸರ್‌ಗೆ ಸ್ಟೀಲ್ ಲೋಟ, ಅವಳಿಗೆ ಪೇಪರ್ ಲೋಟ. “ಕೆಲಸದವಳು ರಜಾ ಕಣಮ್ಮ, ತೊಳೆಯೋರಿಲ್ಲ,” ಎಂದರು ಸೀತಾ, ಅವಳು ಕೇಳದೆಯೇ.

ಸರ್ ಮೇಲೆ ಇಸ್ತ್ರಿ ಶರ್ಟು, ಕೆಳಗೆ ಪಂಚೆ ಉಟ್ಟಿದ್ದರು. ಮಧುಶ್ರೀ ತನ್ನ ಲ್ಯಾಪ್‌ಟಾಪನ್ನು ಎರಡು ದಪ್ಪ ಪುಸ್ತಕಗಳ ಮೇಲಿಟ್ಟು, ಅವರ ಮುಖ ಸರಿಯಾಗಿ ಕಾಣುವ ಹಾಗೆ ಮಾಡಿ, ಎದುರುಗಡೆಯ ಕುರ್ಚಿಯಲ್ಲಿ ಕುಳಿತಳು. ಅಲ್ಲಿಂದ ಅವಳಿಗೆ ಪರದೆ ಕಾಣದು, ಸರ್ ಕಾಣುತ್ತಾರೆ. ಪರದೆಯೊಳಗಿನವರಿಗೆ ಅವಳು ಕಾಣುವುದಿಲ್ಲ.

ಆ ಹೆಂಗಸಿನ ದನಿ ಬೆಚ್ಚಗಿತ್ತು. ಅವರಿಬ್ಬರೂ ಇಂಗ್ಲಿಷಿನಲ್ಲಿ ಮಾತಾಡಿದರು.

“ಪ್ರೊಫೆಸರ್ ಸುದರ್ಶನ, ನಿಮ್ಮನ್ನು ಕೊನೆಗೂ ನೋಡುತ್ತಿದ್ದೇನೆ, ಬಹಳ ಸಂತೋಷ.”

“ನನಗೂ.”

“ವಿಷಯಕ್ಕೆ ಬರುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ನಮಗೆ ವರ್ಷಕ್ಕೆ ಬರುವ ಶಿಫಾರಸು ಪತ್ರಗಳಿಗೆ ಲೆಕ್ಕವಿಲ್ಲ. ಎಲ್ಲವೂ ಒಂದೇ ಥರ. ನಿಮ್ಮವು ಹಾಗಲ್ಲ. ನೀವು ನಾಲ್ವರ ಬಗ್ಗೆ ಬರೆದಿದ್ದೀರಿ, ನಾಲ್ಕೂ ನಮ್ಮ ವಿಭಾಗದಲ್ಲಿ ಎಲ್ಲರಿಗೂ ನೆನಪಿವೆ. ಸಿದ್ದು ಎಂಬ ಹುಡುಗನ ಬಗ್ಗೆ ಬರೆದದ್ದನ್ನು ಒಬ್ಬರು ಸಭೆಯಲ್ಲಿ ಗಟ್ಟಿಯಾಗಿ ಓದಿದರು. ಓದಿ ಮುಗಿಸಿದಾಗ ಇನ್ನೊಬ್ಬರು ಅಂದರು, ನನಗೂ ಇಂಥ ಮೇಷ್ಟ್ರು ಸಿಕ್ಕಿದ್ದರೆ ಎಂದು.”

ಸರ್ ಮುಖದಲ್ಲಿ ಏನೋ ಆಯಿತು. ಮಧುಶ್ರೀ ಅದನ್ನು ಹತ್ತಿರದಿಂದ ನೋಡಿದಳು. ಮೊದಲು ಗಾಬರಿ. ಆಮೇಲೆ ಗಾಬರಿ ಇಳಿದು, ಅದು ಇಳಿದ ಜಾಗಕ್ಕೆ ಇನ್ನೊಂದು ನಿಧಾನವಾಗಿ ಏರಿತು. ಬೆನ್ನು ನೆಟ್ಟಗಾಯಿತು.

“ಪ್ರತಿಯೊಬ್ಬ ವಿದ್ಯಾರ್ಥಿಯೂ ಬೇರೆ ಬೇರೆ,” ಎಂದರು ಸರ್. “ಶಿಕ್ಷಕನಾದವನು ಅದನ್ನು ಗಮನಿಸಬೇಕು. ಸದ್ದಿಲ್ಲದೆ ಗಮನಿಸಬೇಕು.”

ಸದ್ದಿಲ್ಲದೆ! ಅದು ಮಧುಶ್ರೀಯ ಪತ್ರದ ಮಾತು. ಅವಳು ಬರೆದ ಸರ್ ಕೊನೆಗೂ ಬಂದು ಈ ಕುರ್ಚಿಯಲ್ಲಿ ಕುಳಿತರು ಎಂದೇ ಅವಳಿಗೆ ಅನ್ನಿಸಿತು. ಇವರು ತನ್ನನ್ನು ಬಿಟ್ಟುಕೊಡುವವರಲ್ಲ.

“ಅದಕ್ಕೇ ಈ ಐದನೆಯ ಪತ್ರ ನಮಗೆ ಅರ್ಥವಾಗುತ್ತಿಲ್ಲ,” ಎಂದಿತು ದನಿ. “ಸಮಯಕ್ಕೆ ಸರಿಯಾಗಿ ಬರುತ್ತಾಳೆ, ವಿಧೇಯಳು, ನಡತೆ ತೃಪ್ತಿಕರ. ಆ ನಾಲ್ಕನ್ನು ಬರೆದ ಕೈ ಇದನ್ನು ಬರೆದಿರಲಾರದು ಎಂದು ನಮ್ಮಲ್ಲಿ ಕೆಲವರ ಅನಿಸಿಕೆ. ಅಲ್ಲದೆ ಅರ್ಜಿ ಬಂದ ಕಂಪ್ಯೂಟರಿನಿಂದಲೇ ಈ ಪತ್ರವೂ ಬಂದಿದೆ. ಕ್ಷಮಿಸಿ, ನೇರವಾಗಿ ಕೇಳುತ್ತೇನೆ. ಇದನ್ನು ನೀವು ಬರೆದಿರಾ?”

ಸರ್ ಮೇಜಿನ ಮೇಲಿದ್ದ ಪ್ರಿಂಟನ್ನು ನೋಡಿದರು. ಮಧುಶ್ರೀ ಅವರಿಗೆ ಕಾಣುವ ಹಾಗೆ ತಲೆಯಾಡಿಸಿದಳು. ಹೌದು ಅನ್ನಿ. ಅವರು ಅವಳ ಕಡೆ ನೋಡಲಿಲ್ಲ.

“ನಿಮ್ಮ ಪರವಾಗಿ ಬೇರೆ ಯಾರಾದರೂ ಬರೆದು ಕಳಿಸುವ ಪದ್ಧತಿ ನಿಮ್ಮಲ್ಲಿದ್ದರೆ ಅದನ್ನೂ ಹೇಳಬಹುದು,” ಎಂದಿತು ದನಿ, ಇನ್ನೂ ಮೃದುವಾಗಿ. “ಹಾಗಿದ್ದರೆ ಉಳಿದ ನಾಲ್ಕನ್ನೂ ನಾವು ಮತ್ತೆ ನೋಡಬೇಕಾಗುತ್ತದೆ, ಅಷ್ಟೇ.”

“ಇಲ್ಲ, ಇಲ್ಲ,” ಎಂದರು ಸರ್. “ಆ ನಾಲ್ಕು ನಾನೇ ಬರೆದದ್ದು. ಇದು ನಾನು ಬರೆದದ್ದಲ್ಲ.”

ಹೆದರಿ ಹೇಳಿದ್ದರೆ ಅವಳಿಗೆ ಇಷ್ಟು ಕಹಿಯಾಗುತ್ತಿರಲಿಲ್ಲವೇನೋ. ಆ ದನಿಯಲ್ಲಿ ಹೆದರಿಕೆ ಇರಲಿಲ್ಲ. ತನ್ನ ಅಂಗಡಿಯ ಹೆಸರಿನಲ್ಲಿ ಯಾರೋ ಕಳಪೆ ಮಾಲು ಮಾರಿದ್ದಾರೆಂದು ಗೊತ್ತಾದ ವ್ಯಾಪಾರಿಯ ನೋವಿತ್ತು. ಇಂಥ ಸಪ್ಪೆ ಪತ್ರವನ್ನು ತಾನು ಬರೆಯುವುದೆಂದರೇನು!

“ಈ ವಿದ್ಯಾರ್ಥಿನಿ ನಿಮಗೆ ಗೊತ್ತೇ?”

“ಗೊತ್ತು. ನನ್ನ ಕ್ಲಾಸಿನಲ್ಲಿದ್ದಳು.” ಸರ್ ಯೋಚಿಸಿದರು. ಪ್ರಿಂಟಿನ ಕಡೆ ಕಣ್ಣು ಹೋಗಿ ಬಂತು. “ಸಮಯಕ್ಕೆ ಸರಿಯಾಗಿ ಬರುತ್ತಿದ್ದಳು.”

ಅವಳು ಎದ್ದು ಆಚೆ ಬದಿಗೆ ಹೋದರೆ ಸಾಕಿತ್ತು, ಪರದೆಯಲ್ಲಿ ಕಾಣಿಸುತ್ತಿದ್ದಳು. ಆ ನಾಲ್ಕನ್ನು ಬರೆದವಳು ನಾನು ಎನ್ನಬಹುದಿತ್ತು. ಅಂದರೆ ಹರಿಪ್ರಸಾದ್ ಅಲ್ಲಿಂದ ವಾಪಸು ಬರುತ್ತಾನೆ, ಸಿದ್ದು ಇಲ್ಲಿಂದ ಹೋಗುವುದಿಲ್ಲ, ಅವಳ ಸೀಟಂತೂ ಹೇಗೂ ಸಿಗುವುದಿಲ್ಲ. ಅವಳು ಕುಳಿತೇ ಇದ್ದಳು. ಇದನ್ನು ತ್ಯಾಗ ಎಂದು ಕರೆದುಕೊಳ್ಳಲು ಅವಳಿಗೆ ನಾಚಿಕೆಯಾಯಿತು. ಎದ್ದು ನಿಂತು ಪಡೆಯುವುದೇನೂ ಉಳಿದಿರಲಿಲ್ಲ, ಅದಕ್ಕೆ ಕುಳಿತಿದ್ದಳು.

ಅರ್ಜಿಯನ್ನು ವಜಾ ಮಾಡುತ್ತೇವೆ, ಎಂದಿತು ದನಿ. ನಿಮಗೆ ಕೊಟ್ಟ ತೊಂದರೆಗೆ ಕ್ಷಮಿಸಿ. ನಿಮ್ಮ ಮುಂದಿನ ಪತ್ರಗಳಿಗಾಗಿ ಎದುರು ನೋಡುತ್ತೇವೆ.

“ಇದನ್ನ ಹೆಂಗಮ್ಮ ಮುಚ್ಚೋದು?” ಎಂದರು ಸರ್ ಕನ್ನಡದಲ್ಲಿ.

ಅವಳು ಬಾಗಿ, ತನ್ನ ಮುಖ ಕಾಣದ ಹಾಗೆ ಪಕ್ಕದಿಂದ ಕೈ ಚಾಚಿ, ಕೆಂಪು ಗುಂಡಿ ಒತ್ತಿದಳು. ಆ ಹೆಂಗಸು ಆಗಲೇ ಹೋಗಿಯಾಗಿತ್ತು.

*

“ನೋಡಮ್ಮ,” ಎಂದರು ಸರ್, ಕನ್ನಡಕ ತೆಗೆದು. “ನಾಲ್ಕು ಮಕ್ಕಳ ಭವಿಷ್ಯ. ಒಬ್ಬರಿಗೋಸ್ಕರ ನಾಲ್ಕು ಜನಾನ ಹಾಳು ಮಾಡೋಕಾಗುತ್ತಾ? ನೀನೇ ಹೇಳು.”

ಅವಳು ಮೇಜಿನ ಮೇಲಿದ್ದ ಪ್ರಿಂಟನ್ನು ಮಡಚಿದಳು.

“ನಾನು ಅಂದಿದ್ರಲ್ಲಿ ಸುಳ್ಳೇನಿದೆ? ನಿನ್ನ ಪತ್ರ ನಾನು ಬರೀಲಿಲ್ಲ. ಹೌದೋ ಅಲ್ವೋ?”

“ಹೌದು ಸರ್. ಉಳಿದ ನಾಲ್ಕು?”

“ಅದು ನನ್ನ ಹೆಸರಲ್ಲೇ ಇದೆಯಲ್ಲ.”

“ಇದೂ ನಿಮ್ಮ ಹೆಸರಲ್ಲೇ ಇತ್ತು.”

ಸರ್ ಕನ್ನಡಕ ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು. “ಮುಂದಿನ ವರ್ಷ ಹಾಕಮ್ಮ. ಬೇರೆ ಯೂನಿವರ್ಸಿಟಿ ಇಲ್ವಾ? ನಾನೇ ಕೂತು ಬರೀತೀನಿ, ದೇವರಾಣೆ.”

“ನನ್ನ ಬಗ್ಗೆ ಏನಂತ ಬರೀತೀರ ಸರ್?”

ಸರ್ ಪ್ರಾಮಾಣಿಕವಾಗಿ ಯೋಚಿಸಿದರು. ಅವರನ್ನು ಹಾಗೆ ಯೋಚಿಸಲು ಬಿಟ್ಟು ಅವಳು ಕಾದಳು. ಹೊರಗೆ ಸೊಪ್ಪಿನವಳು ಕೂಗುತ್ತ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋದಳು.

“ಅದೇ,” ಎಂದರು ಸರ್. “ಒಳ್ಳೆ ಹುಡುಗಿ ಅಂತ.”

ಮಧುಶ್ರೀ ಲ್ಯಾಪ್‌ಟಾಪಿನ ಕೆಳಗಿನ ಪುಸ್ತಕಗಳನ್ನು ತೆಗೆದು ಶೆಲ್ಫಿನಲ್ಲಿಟ್ಟಳು. ಲ್ಯಾಪ್‌ಟಾಪ್ ಮುಚ್ಚಲು ಹೋದಾಗ ಸರ್ ತಡೆದರು.

“ಅದು... ಆ ಸಿದ್ದು ಬಗ್ಗೆ ಬರ್ದಿದ್ದು. ಅದಿದೆಯಾ ಇದ್ರಲ್ಲಿ?”

ಇತ್ತು. ಅವಳು ತೆಗೆದುಕೊಟ್ಟಳು. ಸರ್ ಪರದೆಯ ಹತ್ತಿರ ಬಾಗಿ ಓದತೊಡಗಿದರು. ತುಟಿ ಅಲ್ಲಾಡುತ್ತಿತ್ತು. ಒಂದು ಕಡೆ ನಿಂತರು, ಹಿಂದಕ್ಕೆ ಹೋದರು, ಮತ್ತೆ ಓದಿದರು. ಅವರ ಕಣ್ಣು ತುಂಬಿ ಬಂದದ್ದು ಸುಳ್ಳಾಗಿರಲಿಲ್ಲ.

“ನಿನ್ನದ್ದೇ ಯಾಕಮ್ಮ ಅಷ್ಟು ಸಪ್ಪೆ ಬರ್ಕೊಂಡೆ?”

“ನಿಮಗೆ ನನ್ನ ಬಗ್ಗೆ ಏನೂ ಗೊತ್ತಿರ್ಲಿಲ್ಲ ಸರ್.”

“ಇವರ ಬಗ್ಗೆ ಗೊತ್ತಿತ್ತಾ?”

“ಇವರ ಬಗ್ಗೆ ನನಗೆ ಗೊತ್ತಿತ್ತು.”

ಸರ್ ತಲೆಯಾಡಿಸಿದರು. ಮಾತು ಅವರೊಳಗೆ ಇಳಿಯಲಿಲ್ಲ; ಕಣ್ಣು ಆಗಲೇ ಮುಂದಿನ ಸಾಲಿಗೆ ಹೋಗಿತ್ತು. “ಸೀತಾ, ಇಲ್ಲಿ ಬಾರೆ. ಇದನ್ನ ಕೇಳು,” ಎಂದು ಕೂಗಿದರು. ಸೀತಾ ಕೈ ಒರೆಸಿಕೊಳ್ಳುತ್ತ ಬಂದರು. ಸರ್ ಸಾಲುಸಾಲನ್ನೂ ಕನ್ನಡ ಮಾಡಿ ಹೇಳಿದರು: ಫೇಲಾದ ಹುಡುಗ ಬಂದ, ಮಾರ್ಕ್ಸು ಕೇಳಲಿಲ್ಲ, ಏನು ಕೇಳಿದ ಗೊತ್ತಾ?

“ಅಯ್ಯೋ, ಇಷ್ಟೆಲ್ಲ ಗಮನಿಸ್ತೀರಾ ನೀವು!” ಎಂದರು ಸೀತಾ. “ಮನೇಲಿ ಗ್ಯಾಸ್ ಮುಗಿದಿದ್ದು ಗೊತ್ತಾಗಲ್ಲ.”

“ಬರ್ತೀನಿ ಸರ್,” ಎಂದಳು ಮಧುಶ್ರೀ. “ಲ್ಯಾಪ್‌ಟಾಪ್ ನಾಳೆ ಕಾಲೇಜಿಗೆ ತನ್ನಿ.”

“ಹ್ಞಾಂ ಹ್ಞಾಂ. ಹುಷಾರಾಗಿ ಹೋಗಮ್ಮ.”

ತಿರುವಿನಲ್ಲಿ ಸಿದ್ದು ಬೈಕಿನ ಮೇಲೆ ಅಡ್ಡ ಕೂತಿದ್ದ. ಅವಳ ಮುಖ ನೋಡಿ ಕೆಳಗಿಳಿದ.

“ಏನಾಯ್ತೇ?”

“ಆಗ್ಲಿಲ್ಲ. ಬರ್ದಿದ್ದು ನಾನಲ್ಲ ಅಂದ್ಬಿಟ್ರು.”

ಸಿದ್ದು ಒಂದು ಕೆಟ್ಟ ಬೈಗುಳ ಬೈದ. ಹೆಲ್ಮೆಟ್ಟನ್ನು ಟ್ಯಾಂಕಿನ ಮೇಲೆ ಕುಕ್ಕಿದ. ಆಮೇಲೆ ಅದರ ಪಟ್ಟಿ ಎಳೆಯುತ್ತ ನಿಂತ. ಅವನ ಮನಸ್ಸಿನಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಅದು ಬಾಯಿಗೆ ಬರಲಿ ಎಂದು ಕಾದಳು.

“ನನ್ನದು...” ಎಂದ. “ನನ್ನದೇನಾದ್ರೂ ಕೇಳಿದ್ರಾ?”

“ಕೇಳಿದ್ರು. ನಿನ್ನ ಪತ್ರಾನ ಅಲ್ಲಿ ಸಭೇಲಿ ಗಟ್ಟಿಯಾಗಿ ಓದಿದ್ರಂತೆ. ಇಂಥ ಮೇಷ್ಟ್ರು ನಮಗೂ ಸಿಕ್ಕಿದ್ರೆ ಅಂದ್ರಂತೆ. ನಿನಗೇನೂ ಆಗಲ್ಲ.”

ಬೀದಿ ದೀಪ ಹತ್ತಿಕೊಂಡಿತು. ಸಿದ್ದು ನಗದೆ ಇರಲು ಬಹಳ ಕಷ್ಟಪಟ್ಟ. ಬಾಯನ್ನು ಬಿಗಿಹಿಡಿದ, ಕಣ್ಣಿನಲ್ಲಿ ಬಂದುಬಿಟ್ಟಿತು.

“ಗಟ್ಟಿಯಾಗಿ ಓದಿದ್ರಂತಾ? ಯಾವ ಭಾಗ?” ಎಂದ. ಎಂದಮೇಲೆ ನಾಚಿದ. “ಥೂ, ನಾನೊಬ್ಬ. ಹತ್ತು ಮಾರಾಯ್ತಿ, ಭದ್ರಾವತಿವರೆಗೂ ಬಿಟ್ಟು ಬರ್ತೀನಿ.”

“ಬೇಡ. ಬಸ್ಸಿದೆ.”

“ಅಮ್ಮಂಗೆ ಏನ್ ಹೇಳ್ತೀಯ?”

“ಸರ್ ತುಂಬಾ ಒಳ್ಳೇದಾಗಿ ಮಾತಾಡಿದ್ರು ಅಂತ.”

ಅವಳು ಮುಖ್ಯ ರಸ್ತೆಯ ಕಡೆ ಹೆಜ್ಜೆ ಹಾಕಿದಳು. ಸಿದ್ದು ಬೈಕನ್ನು ತಳ್ಳಿಕೊಂಡು ಅವಳ ಪಕ್ಕದಲ್ಲಿ ಸ್ವಲ್ಪ ದೂರ ಬಂದ. ಅವನಿಗೆ ಹೋಗಲೂ ಆಗುತ್ತಿರಲಿಲ್ಲ, ಬರಲೂ ಆಗುತ್ತಿರಲಿಲ್ಲ. ಕೊನೆಗೆ ತಡೆಯಲಾಗದೆ ಕೇಳಿಯೇಬಿಟ್ಟ.

“ಮಧು, ಅದ್ರಲ್ಲಿ ನನ್ನ ಬಗ್ಗೆ ಏನಂತ ಬರ್ದಿದ್ದೆ? ನನಗೆ ಒಂದ್ಸಲಾನೂ ತೋರಿಸ್ಲೇ ಇಲ್ಲ ನೀನು.”

“ನಾನೆಲ್ಲಿ ಬರ್ದೆ?” ಎಂದಳು ಮಧುಶ್ರೀ. “ಸರ್ ಬರ್ದಿದ್ದು. ಒಳಗೆ ಹೋಗಿ ಅವರನ್ನೇ ಕೇಳು. ಇಷ್ಟು ಹೊತ್ತಿಗೆ ಬಾಯಿಪಾಠ ಆಗಿರುತ್ತೆ.”